ಗರ್ಭಿಣಿಯ ಭಯವು ಅಪರಾಧವೇ?

ಸೀಮಂತದ ದಿನ ಮನೆತುಂಬ ಹಸಿರು ಬಳೆಗಳ ಸದ್ದು, ಮುತ್ತೈದೆಯರ ಆರತಿಯ ಹಾಡು. ಆ ಸಂಭ್ರಮದ ನಡುವೆ ಹಸೆಯ ಮೇಲೆ ಕುಳಿತವಳ ಮನಸ್ಸಿನಲ್ಲಿ ಏನಿದೆಯೆಂದು ಕೇಳುವ ರೂಢಿ ನಮ್ಮ ಗಂಡಸರಲ್ಲಿ ಇಲ್ಲ. ನಾನೂ ಕೇಳಿದವನಲ್ಲ.

ಮೊದಲ ಗರ್ಭವನ್ನು ಮೂರನೆಯ ತಿಂಗಳಿನಲ್ಲಿ ಕಳೆದುಕೊಂಡಿದ್ದ ನನ್ನ ಮಗಳು ಕೆಲವು ವರುಷಗಳ ಹಿಂದೆ ಮತ್ತೆ ಗರ್ಭಿಣಿಯಾಗಿ ತವರಿಗೆ ಬಂದಿದ್ದಳು. ಒಂದು ರಾತ್ರಿ ದೇವರಮನೆಯ ಬಾಗಿಲಲ್ಲಿ ಒಬ್ಬಳೇ ಕುಳಿತು ಅಳುತ್ತಿದ್ದಳು. “ಅಳಬಾರದಮ್ಮ, ಮಗುವಿಗೆ ತಟ್ಟುತ್ತದೆ. ದೇವರನ್ನು ನಂಬಿದವರು ಹೆದರುವುದುಂಟೇ?” ಎಂದೆ. ಅವಳು ಕಣ್ಣೊರೆಸಿಕೊಂಡು, “ಹಾಗಾದರೆ ಹಿಂದಿನದೂ ನನ್ನ ಹೆದರಿಕೆಯಿಂದಲೇ ಹೋಯಿತೇ, ಅಪ್ಪ?” ಎಂದಳು. ಸಮಾಧಾನವೆಂದು ನಾನು ಆಡಿದ ಮಾತು ಅವಳ ಪಾಲಿಗೆ ತೀರ್ಪಾಗಿತ್ತು.

ವರುಷವರುಷವೂ ಸಪ್ತಾಹದಲ್ಲಿ ಶ್ರೀಮದ್ಭಾಗವತವನ್ನು ಕೇಳುವ ನನಗೆ ದೇವಕಿಯ ನೆನಪಾದುದು ಆಮೇಲೆ. ಆರು ಮಕ್ಕಳನ್ನು ಕಂಸನ ಕೈಯಲ್ಲಿ ಕಳೆದುಕೊಂಡ ತಾಯಿ ಅವಳು. ದೇವತೆಗಳೇ ಸೆರೆಮನೆಗೆ ಬಂದು ಸ್ತುತಿಸಿ, ಭಯಪಡಬೇಡವೆಂದು ಅವಳಿಗೆ ಅಭಯ ಹೇಳಿದ್ದರು. ಶಂಖಚಕ್ರಧಾರಿಯಾದ ಸ್ವಾಮಿಯನ್ನು ಕಣ್ಣಾರೆ ಕಂಡು ಸ್ತೋತ್ರ ಮಾಡಿದ ಮೇಲೂ ಅವಳು, ತನಗೆ ಕಂಸನ ಭಯವಿದೆ, ಈ ದಿವ್ಯರೂಪವನ್ನು ಮರೆಮಾಡು ಎಂದು ಬೇಡಿದಳು. ಎದುರಿಗೇ ನಾನಿರುವಾಗ ಭಯವೇಕೆಂದು ಭಗವಂತನು ಗದರಲಿಲ್ಲ. ಅವಳ ಹಿಂದಿನ ಜನ್ಮಗಳ ವೃತ್ತಾಂತವನ್ನು ತಿಳಿಸಿ, ಅವಳು ಬೇಡಿದಂತೆಯೇ ಶಿಶುರೂಪವನ್ನು ತೋರಿದನು. ಉತ್ತರೆಯಾದರೋ ಅಶ್ವತ್ಥಾಮನ ಅಸ್ತ್ರಕ್ಕೆ ಬೆದರಿ ಓಡಿಬಂದು, ತಾನು ಸುಟ್ಟುಹೋದರೂ ಚಿಂತೆಯಿಲ್ಲ, ಗರ್ಭವು ಉಳಿಯಲಿ ಎಂದು ಶ್ರೀಕೃಷ್ಣನಿಗೆ ಮೊರೆಯಿಟ್ಟಳು. ಪರೀಕ್ಷಿತನು ಉಳಿದನು. ಇವರ ಭಯವನ್ನು ಅಭಕ್ತಿಯೆಂದು ಕರೆಯುವ ಧೈರ್ಯ ಯಾರಿಗಿದೆ?

ಇದಕ್ಕಿಂತ ಮುಖ್ಯವಾದ ವಿಚಾರವೊಂದುಂಟು. ಸ್ವತಂತ್ರನು ಶ್ರೀಹರಿಯೊಬ್ಬನೇ, ಜೀವರೆಲ್ಲರೂ ಅವನ ಅಧೀನರು ಎಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ಗರ್ಭಕ್ಕೆ ಬರುವ ಜೀವನು ತಾಯಿ ನಿರ್ಮಿಸಿದ ವಸ್ತುವಲ್ಲ. ಅನಾದಿಯಾದವನು, ತನ್ನ ಕರ್ಮದ ಗಂಟಿನೊಡನೆ ಬರುವವನು. ಅವನ ಬಿಂಬನಾದ ಶ್ರೀಹರಿ ಅವನೊಡನೆಯೇ ಇದ್ದಾನೆ. ಹೀಗಿರುವಾಗ ತಾಯಿಯ ಒಂದು ರಾತ್ರಿಯ ಕಣ್ಣೀರಿಗೆ ಆ ಜೀವನ ಆಯುಸ್ಸನ್ನು ಕತ್ತರಿಸುವ ಶಕ್ತಿಯಿದೆ ಎಂದರೆ, ಆ ಬಡಪಾಯಿಗೆ ಇಲ್ಲದ ಸ್ವಾತಂತ್ರ್ಯವನ್ನು ನಾವೇ ಕೊಟ್ಟಂತಾಯಿತು. ಸಿದ್ಧಾಂತ ಬಲ್ಲೆನೆಂದುಕೊಂಡಿದ್ದ ನಾನು ಆ ರಾತ್ರಿ ಮಾಡಿದ್ದು ಅದನ್ನೇ.

ವೈದ್ಯರು ಹೇಳುವುದೂ ಇದಕ್ಕೆ ವಿರುದ್ಧವಾಗಿಲ್ಲ. ಗರ್ಭವೆಂದು ತಿಳಿದುಬಂದವುಗಳಲ್ಲಿ ನೂರಕ್ಕೆ 10ರಿಂದ 20 ನಿಲ್ಲುವುದಿಲ್ಲ. ಹೆಚ್ಚಿನವು ಮೊದಲ 3 ತಿಂಗಳೊಳಗೇ ಹೋಗುತ್ತವೆ. ಅವುಗಳಲ್ಲಿ ಸುಮಾರು ಅರ್ಧಕ್ಕೆ ವರ್ಣತಂತುಗಳ ದೋಷವೇ ಕಾರಣ. ತಾಯಿಯ ದಿನನಿತ್ಯದ ಅಂಜಿಕೆ, ಒಂದು ದಿನದ ಅಳು ಕಾರಣಗಳಲ್ಲ. ಆದರೆ ನಿದ್ರೆ ಆಹಾರಗಳೇ ಬಿಟ್ಟುಹೋಗುವಂಥ ಚಿಂತೆ ವಾರಗಟ್ಟಲೆ ನಿಂತರೆ ಅದಕ್ಕೆ ಚಿಕಿತ್ಸೆ ಬೇಕು; ಅಲ್ಲಿ ಬರಿಯ ಉಪದೇಶ ಸಾಲದು.

ಗರ್ಭಿಣಿಯ ಮನಸ್ಸು ಪ್ರಸನ್ನವಾಗಿರಬೇಕೆಂಬ ಹಿರಿಯರ ಮಾತು ಹಾಗಾದರೆ ಸುಳ್ಳೇ? ಅಲ್ಲ. ಆ ಮಾತು ಯಾರಿಗೆ ಹೇಳಿದ್ದೆಂಬುದನ್ನು ನಾವು ಮರೆತಿದ್ದೇವೆ. ಬಯಕೆಯನ್ನು ತೀರಿಸಬೇಕಾದವರು ಗಂಡ, ಅತ್ತೆಮಾವಂದಿರು, ತವರಿನವರು. ಅವಳನ್ನು ಪ್ರಸನ್ನಳಾಗಿ ಇಡಬೇಕಾದ ಹೊಣೆಯೂ ಅವರದೇ. ಅದನ್ನು ಅವಳ ತಲೆಗೇ ಕಟ್ಟಿ, ನಗುತ್ತಿರು ಎಂದು ಅಪ್ಪಣೆ ಕೊಡುವುದು ನಮಗೆ ಸುಲಭವಾಗಿ ಕಂಡಿದೆ.

ಮರುದಿನ ಇದರಲ್ಲಿ ಸ್ವಲ್ಪವನ್ನು ಮಗಳಿಗೆ ಹೇಳಿದೆ. ಹೆಚ್ಚಾಗಿ, ನಾನಾಡಿದ್ದು ತಪ್ಪೆಂದು ಹೇಳಿದೆ. ಅವಳ ಭಯವು ಹೆರಿಗೆಯವರೆಗೂ ಪೂರ್ತಿ ಹೋಗಲಿಲ್ಲ. ಆದರೆ ರಾತ್ರಿಯ ಹೊತ್ತು ಒಬ್ಬಳೇ ಬಾಗಿಲಲ್ಲಿ ಕುಳಿತುಕೊಳ್ಳುವುದನ್ನು ಬಿಟ್ಟಳು. ಹೆದರಿಕೆಯಾದಾಗ ತಾಯಿಯನ್ನು ಎಬ್ಬಿಸುತ್ತಿದ್ದಳು. ಕೆಲವು ರಾತ್ರಿ ನನ್ನನ್ನೂ.