ಪಂಚಾಂಗ ಶ್ರವಣಕ್ಕೆ ಹೋಗಲೇಬೇಕೆ?

ಪ್ರಶ್ನೆ: ಯುಗಾದಿಯಂದು ದೇವಸ್ಥಾನದಲ್ಲಿ ಪಂಚಾಂಗ ಓದುತ್ತಾರೆ, ನಮಗೇನೂ ಅರ್ಥವಾಗೋದಿಲ್ಲ. ಮೊಬೈಲಿನಲ್ಲೇ ಎಲ್ಲ ಸಿಗುವಾಗ ಹೋಗಲೇಬೇಕೆ? ಏಕಾದಶಿ ಕೆಲವು ಸಲ ನಮಗೊಂದು ದಿನ, ಸೊಸೆಯ ತವರಿಗೆ ಮರುದಿನ. ಮನೆಯಲ್ಲಿ ಇದೇ ಜಗಳ.
– ಓದುಗರು, ಹೊಳೆನರಸೀಪುರ

ಉತ್ತರ: ಹೋಗಿ, ಆದರೆ ಅರ್ಥ ಕೇಳಿಕೊಂಡು ಬನ್ನಿ. ಮನೆಮನೆಗೆ ಪಂಚಾಂಗವಿಲ್ಲದ ಕಾಲದಲ್ಲಿ ಓದು ಬಾರದವರಿಗೂ ತಿಥಿ, ವಾರ, ನಕ್ಷತ್ರ, ಯೋಗ, ಕರಣ ತಿಳಿಯುತ್ತಿದ್ದದ್ದು ಹೀಗೆ ಸಭೆಯಲ್ಲಿ ಕೇಳಿಯೇ. ವ್ರತ, ಶ್ರಾದ್ಧಗಳ ನಿಯಮ ಓದುವವರೊಬ್ಬರ ಸೊತ್ತಲ್ಲ.

ಮೊಬೈಲು ಎರಡು ಏಕಾದಶಿ ತೋರಿಸುತ್ತೆ, ಕಾರಣ ಹೇಳೋದಿಲ್ಲ. ಸೂರ್ಯೋದಯಕ್ಕೆ 4 ಗಳಿಗೆ, ಅಂದರೆ 96 ನಿಮಿಷ ಮೊದಲು ಅರುಣೋದಯ. ಆಗ ದಶಮಿ ಉಳಿದಿದ್ದರೆ ವೈಷ್ಣವರು ಆ ದಿನ ಬಿಟ್ಟು ಮರುದಿನ ಉಪವಾಸ ಮಾಡುತ್ತಾರೆ. ಸ್ಮಾರ್ತರು ನೋಡುವುದು ಸೂರ್ಯೋದಯವನ್ನು. ಎರಡೂ ಶಾಸ್ತ್ರವೇ. ಇಷ್ಟನ್ನು ಬಲ್ಲವರು ಬಿಡಿಸಿ ಹೇಳಿದ್ದರೆ ನಿಮ್ಮ ಸೊಸೆ ಮನಸ್ಸು ನೋಯಿಸಿಕೊಳ್ಳಬೇಕಿರಲಿಲ್ಲ.

ಯೆಹೂದ್ಯರ ಗ್ರಂಥದಲ್ಲೂ ಇಂಥದೊಂದು ಪ್ರಸಂಗವಿದೆ. ಜೆರುಸಲೇಮಿನಲ್ಲಿ ಎಜ್ರನೆಂಬ ಪಂಡಿತ ಗಂಡಸರು, ಹೆಂಗಸರು ಸೇರಿದ್ದ ಸಭೆಗೆ ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರ ಓದಿದ. ಲೇವಿಯರು ಜನರಿಗೆ ಅದರ ಅರ್ಥ ಹೇಳಿದರು. ಬರೀ ಓದಿ ಎದ್ದುಹೋಗಲಿಲ್ಲ.

ಹಾಸನವಾಗಲಿ, ಅರಕಲಗೂಡಾಗಲಿ, ಚನ್ನರಾಯಪಟ್ಟಣವಾಗಲಿ, ಬರುವ ಯುಗಾದಿಗೆ ನಿಮ್ಮೂರಿನ ಪುರೋಹಿತರನ್ನು ವಿನಯದಿಂದ ಕೇಳಿ: “ಸ್ವಾಮಿ, ಹತ್ತು ನಿಮಿಷ ಕನ್ನಡದಲ್ಲಿ ಬಿಡಿಸಿ ಹೇಳಿ.” ಸೊಸೆಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ಪ್ರಶ್ನೆ ಕೇಳುವುದು ಅಪಚಾರವಲ್ಲ.