ನೆಂಟರಿಗೆ ಏನನ್ನು ತೋರಿಸಬೇಕು?

ಊರಿನಿಂದ ನೆಂಟರು ಹೊರಟರೆಂದು ತಿಳಿದ ಕೂಡಲೆ ದೆಹಲಿಯ ಕನ್ನಡಿಗರ ಮನೆಯಲ್ಲಿ ಒಂದು ಕಾರ್ಯಕ್ರಮದ ಪಟ್ಟಿ ಸಿದ್ಧವಾಗುತ್ತದೆ. ಸೋಮವಾರ ಕೆಂಪುಕೋಟೆಗೆ ಬಿಡುವು, ಶುಕ್ರವಾರ ತಾಜಮಹಲಿಗೆ. ಇವೆರಡನ್ನು ತಪ್ಪಿಸಿ ಕುತುಬ್, ರಾಜಘಾಟ್, ಇಂಡಿಯಾ ಗೇಟ್‌ಗಳನ್ನು ಹೊಂದಿಸಬೇಕು. ಕುತುಬ್ ಮಿನಾರಿನ ಒಳಮೆಟ್ಟಿಲುಗಳನ್ನು 1981ರ ಕಾಲ್ತುಳಿತದ ಮೇಲೆ ಮುಚ್ಚಿದ್ದಾರೆಂದರೆ, ಯೌವನದಲ್ಲಿ ಒಮ್ಮೆ ಹತ್ತಿ ಇಳಿದ ಹಿರಿಯರು ನಂಬಲೊಲ್ಲರು. ಊರಿನ ಶಾಲೆಗಳಿಗೆ ರಜೆ ಸಿಕ್ಕುವುದು ಏಪ್ರಿಲ್-ಮೇ ತಿಂಗಳಲ್ಲಿ. ಇಲ್ಲಿ ಬಿಸಿಲು 40 ಡಿಗ್ರಿ ದಾಟುವುದೂ ಆಗಲೇ. ಆದರೂ ಆಗ್ರಾ ಬಿಡುವಂತಿಲ್ಲ. ಹೋಗಲು ಸುಮಾರು 200 ಕಿಲೋಮೀಟರು, ಬರಲು ಅಷ್ಟೇ.

ಇದೆಲ್ಲ ಸಂತೋಷದ ಕೆಲಸವೇ. ನೆಂಟರು ಬಾರದಿದ್ದರೆ ನಮ್ಮಲ್ಲಿ ಅನೇಕರು ಹುಮಾಯೂನನ ಸಮಾಧಿಯನ್ನು ನೋಡುತ್ತಲೇ ಇರಲಿಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಊರು ತೋರಿಸುವ ಭರದಲ್ಲಿ ನಾವು ನಮ್ಮ ಬದುಕನ್ನು ಮುಚ್ಚಿಡುತ್ತೇವೆ. ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಇರುವ ಒಂದೇ ಕೂಲರು ನೆಂಟರ ಕೋಣೆಗೆ ಹೋಗುತ್ತದೆ, ಮಕ್ಕಳು ಬಾಲ್ಕನಿಗೆ. ಗೃಹಿಣಿ ನಾಲ್ಕೂವರೆಗೆ ಎದ್ದು ಬುತ್ತಿ ಕಟ್ಟುತ್ತಾಳೆ. ಟ್ಯಾಕ್ಸಿಯ ಬಾಡಿಗೆಯನ್ನು ಯಜಮಾನ ನಗುತ್ತ ಕೊಡುತ್ತಾನೆ. ಅದು ಸೊಸೈಟಿಯ ಸಾಲವೆಂದು ನೆಂಟರಿಗೆ ಹೇಗೆ ಗೊತ್ತಾಗಬೇಕು? ಬಿ.ಎಸ್‌ಸಿ. ಓದುವಾಗ ಕಲಿತದ್ದೊಂದು ನೆನಪಾಗುತ್ತದೆ: ಬಿಸಿನೀರಿನಲ್ಲಿಟ್ಟ ಥರ್ಮಾಮೀಟರು ಆ ನೀರಿನ ಶಾಖವನ್ನೇ ಕೊಂಚ ಹೀರಿಕೊಂಡು ಅಳತೆ ಹೇಳುತ್ತದೆ. ನೆಂಟರು ಕಾಣುವ ಮನೆಯೂ ಅವರು ಬಂದದ್ದರಿಂದ ಬದಲಾದ ಮನೆಯೇ.

ಇದು ಔದಾರ್ಯವೋ, ಸುಳ್ಳೋ? ನಮ್ಮ ಬಡಾವಣೆಯ ಮಿತ್ರರೊಬ್ಬರ ಮನೆಗೆ ಅವರ ಅಣ್ಣ-ಅತ್ತಿಗೆ ಬಂದು ಎಂಟು ದಿನವಿದ್ದರು. ಎಂಟು ದಿನವೂ ತಿರುಗಾಟ. ಅಣ್ಣನ ಬೋರ್‌ವೆಲ್ ಬತ್ತಿದ್ದು, ತಾಯಿಯ ಔಷಧಿಗೆಂದು ಅತ್ತಿಗೆಯ ಒಡವೆ ಅಡವಿಟ್ಟದ್ದು ಹೊರಬಿದ್ದದ್ದು ನಿಜಾಮುದ್ದೀನ್ ನಿಲ್ದಾಣದಲ್ಲಿ, ಗಾಡಿ ಹೊರಡಲು ಹತ್ತು ನಿಮಿಷವಿರುವಾಗ. ತಮ್ಮನ ಸಾಲದ ಸುದ್ದಿಯಂತೂ ಆಗಲೂ ಹೊರಬರಲಿಲ್ಲ. ಅಣ್ಣ ಊರಿಗೆ ಹೋಗಿ, "ಅವನಿಗೇನಪ್ಪ, ದೆಹಲಿಯಲ್ಲಿ ರಾಜನ ಹಾಗಿದ್ದಾನೆ" ಎಂದರು. ಮುಂದಿನ ವರ್ಷ ಮನೆ ಪಾಲಾಗುವಾಗ ಆ ಮಾತೇ ಲೆಕ್ಕಕ್ಕೆ ಬಂತು. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ. ಒಬ್ಬರನ್ನೊಬ್ಬರು ನೋಯಿಸಬಾರದೆಂದೇ ಇಬ್ಬರೂ ಬಾಯಿ ಕಟ್ಟಿಕೊಂಡಿದ್ದರು.

ಅತಿಥಿ ದೇವರಲ್ಲವೆ, ದೇವರ ಮುಂದೆ ಗೋಳು ತೋಡಿಕೊಳ್ಳುವುದೆ ಎಂದು ಕೆಲವರು ಕೇಳುತ್ತಾರೆ. (ತೋಡಿಕೊಳ್ಳಲು ದೇವರಲ್ಲದೆ ಇನ್ನಾರಿದ್ದಾರೆ ಎಂಬುದು ಬೇರೆ ಮಾತು.) ಅತಿಥಿಯನ್ನು ದೇವರಂತೆ ಕಾಣಬೇಕೆಂಬ ಉಪದೇಶ ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿದೆ, ವಿದ್ಯೆ ಮುಗಿಸಿದ ಶಿಷ್ಯನಿಗೆ ಗುರು ಹೇಳುವ ಬುದ್ಧಿಮಾತು ಅದು. ಆದರೆ ಆ ಉಪದೇಶ ಮೊದಲಾಗುವುದೇ ನಿಜ ನುಡಿಯಬೇಕೆಂಬುದರಿಂದ. ಎರಡೂ ಒಂದೇ ಅನುವಾಕದಲ್ಲಿವೆ. ಅತಿಥಿಯ ಸಲುವಾಗಿ ನಿಜವನ್ನು ಬದಿಗಿಡು ಎಂದು ಆ ಗುರು ಹೇಳಲಿಲ್ಲ.

ದೂರ ಹೆಚ್ಚಿದಷ್ಟೂ ಈ ಮರೆ ಹೆಚ್ಚು. ಅಮೆರಿಕೆಯಲ್ಲಿರುವ ಮಗನ ಮನೆಗೆ ಹೋಗಿಬಂದ ತಂದೆತಾಯಿ ತೋರಿಸುವ ಚಿತ್ರಗಳಲ್ಲಿ ನಯಾಗರಾ ಇರುತ್ತದೆ. ಮಗ-ಸೊಸೆ ಕೆಲಸಕ್ಕೆ ಹೋದ ಮೇಲೆ, ಕಾರು ನಡೆಸಲು ಬಾರದ ಆ ಇಬ್ಬರು ಕಿಟಕಿಯ ಬಳಿ ಕಳೆದ ವಾರದ ಐದು ದಿನಗಳು ಇರುವುದಿಲ್ಲ.

ಪರಿಚಯದವರ ಪರಿಚಯದವರಿಗೆ ನಮ್ಮ ಸಾಲದ ಕಥೆ ಹೇಳಬೇಕಾಗಿಲ್ಲ. ಅವರಿಗೆ ಕೆಂಪುಕೋಟೆ ಸಾಕು. ಒಡಹುಟ್ಟಿದವರಿಗೆ ಸಾಲದು. ಅವರು ಬಂದಾಗ ಪಟ್ಟಿಯಲ್ಲಿ ಒಂದು ದಿನವನ್ನು ಖಾಲಿ ಬಿಡೋಣ. ಆ ದಿನ ಐ.ಎನ್.ಎ. ಮಾರುಕಟ್ಟೆಗೆ ಜೊತೆಯಲ್ಲಿ ಹೋಗಿ ನುಗ್ಗೆಕಾಯಿ, ತೆಂಗಿನಕಾಯಿ ಕೊಳ್ಳೋಣ. ಕಾಯಿಯ ಬೆಲೆ ಕೇಳಿ ಅತ್ತಿಗೆ ಹೌಹಾರುತ್ತಾರೆ, "ಇಷ್ಟು ಕೊಟ್ಟು ಹೇಗಮ್ಮ ಸಂಸಾರ ಮಾಡ್ತೀರಿ?" ಎನ್ನುತ್ತಾರೆ. ಚೀಲ ಹಿಡಿದು ಮನೆ ಮುಟ್ಟುವಷ್ಟರಲ್ಲಿ ಊರಿನ ತೋಟದ ಮಾತೂ ಬಂದಿರುತ್ತದೆ.