ಆಟದ ಕೊನೆ ಯಾರದು?

ತಂಗಿಯ ಮಗ ಪುಟ್ಟನಿಗೆ ಆಗ ಐದೂವರೆ ವರ್ಷ. 2021ರ ಮೇ ತಿಂಗಳಲ್ಲಿ ಅವನ ಅಪ್ಪ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೋವಿಡ್‌ನಿಂದ ತೀರಿಕೊಂಡರು. ದೇಹ ಮನೆಗೆ ಬರಲಿಲ್ಲ. ಬಂದದ್ದು ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಮೊಬೈಲು, ಕನ್ನಡಕ, ಒಂದು ಜೊತೆ ಚಪ್ಪಲಿ. ಲಾಕ್‌ಡೌನ್ ಸಡಿಲವಾದ ಮೇಲೆ ತಂಗಿ ಮಗನನ್ನು ಕರೆದುಕೊಂಡು ಸಾಗರದ ನಮ್ಮ ಮನೆಗೆ ಬಂದಳು. ಅಪ್ಪ ಕೆಲಸದ ಮೇಲೆ ದೂರ ಹೋಗಿದ್ದಾರೆ ಎಂದು ಪುಟ್ಟನಿಗೆ ಹೇಳುವುದೆಂದು ನಾವು ದೊಡ್ಡವರೆಲ್ಲ ಸೇರಿ ತೀರ್ಮಾನಿಸಿದೆವು. ಹಾಗೆಯೇ ಹೇಳಿದೆವು.

ಬಂದ ನಾಲ್ಕನೇ ದಿನವೋ ಐದನೇ ದಿನವೋ ಜಗುಲಿಯಲ್ಲಿ ಅವನ ಆಟ ಶುರುವಾಯಿತು. ಕರಡಿ ಗೊಂಬೆಯನ್ನು ಬ್ರೆಡ್ಡಿನ ಕವರಿನೊಳಗೆ ತುರುಕಿ, ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿ, ಆಟದ ಲಾರಿಯಲ್ಲಿ ಮಲಗಿಸುತ್ತಿದ್ದ. ಬಾಯಲ್ಲಿ ಆಂಬುಲೆನ್ಸಿನ ಸದ್ದು. ಲಾರಿ ಅಟ್ಟದ ಮೆಟ್ಟಿಲ ಕೆಳಗಿನ ಕತ್ತಲಿಗೆ ಹೋಗುತ್ತಿತ್ತು, ಖಾಲಿಯಾಗಿ ವಾಪಸು ಬರುತ್ತಿತ್ತು. ಮತ್ತೆ ಕರಡಿಯನ್ನು ತಂದು ಕವರಿಗೆ ಹಾಕುತ್ತಿದ್ದ. ಬೆಳಿಗ್ಗೆ ತಿಂಡಿಯಿಂದ ಊಟದ ಹೊತ್ತಿನವರೆಗೆ ಇದೇ. ನಾವು ಯಾವ ಸುದ್ದಿಯನ್ನು ಮುಚ್ಚಿಟ್ಟಿದ್ದೆವೋ ಅದು ಜಗುಲಿಯಲ್ಲಿ ದಿನಕ್ಕೆ ಇಪ್ಪತ್ತು ಸಲ ನಡೆಯುತ್ತಿತ್ತು.

ಅಮ್ಮ, ಅಂದರೆ ಅವನ ಅಜ್ಜಿ, "ಅಪಶಕುನದ ಆಟ, ಬಿಡಿಸೋ ಅದನ್ನ" ಎಂದರು. ತಂಗಿ ಎದ್ದು ಒಳಗೆ ಹೋದಳು. ನಾನು ಹೈಸ್ಕೂಲು ಮೇಷ್ಟ್ರು, ಮಕ್ಕಳನ್ನು ತಿದ್ದುವುದೇ ಕೆಲಸ. ನೆಲದ ಮೇಲೆ ಕೂತು, ಕವರು ಬಿಚ್ಚಿ, "ನೋಡು ಪುಟ್ಟ, ಡಾಕ್ಟ್ರು ಔಷಧಿ ಕೊಟ್ರು, ಕರಡಿಗೆ ವಾಸಿ ಆಯ್ತು, ಮನೆಗೆ ಬಂತು" ಎಂದೆ. ಅವನು ನನ್ನ ಮುಖವನ್ನೊಮ್ಮೆ ನೋಡಿದ. ಸಿಟ್ಟಿರಲಿಲ್ಲ. ಅಂಗಡಿಯವನು ಚಿಲ್ಲರೆ ತಪ್ಪು ಕೊಟ್ಟಾಗ ನಾವು ನೋಡುತ್ತೇವಲ್ಲ, ಹಾಗೆ. ಕರಡಿಯನ್ನು ಎತ್ತಿಕೊಂಡು ಎದ್ದು ಹೋದ. ಮುಂದಿನ ಎರಡು ವಾರ ನನ್ನೆದುರು ಆಡಲೇ ಇಲ್ಲ. ಕತ್ತಲಾದರೆ ಮಲಗಲು ಹೆದರುತ್ತಿದ್ದ, ಮೂರು ವರ್ಷದ ಹಿಂದೆಯೇ ಬಿಟ್ಟಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಯಿತು.

ಪರಿಚಯದ ಡಾಕ್ಟರೊಬ್ಬರು ಶಿವಮೊಗ್ಗದಲ್ಲಿ ಮಕ್ಕಳಿಗೆ ಆಟದ ಮೂಲಕ ಚಿಕಿತ್ಸೆ ಕೊಡುವ ಒಬ್ಬರ ಹತ್ತಿರ ಕಳಿಸಿದರು. ಚಿಕ್ಕ ಕೋಣೆ. ಮರಳು ತುಂಬಿದ ಟ್ರೇ, ಜೇಡಿಮಣ್ಣು, ಡಾಕ್ಟರ್ ಸೆಟ್ಟು, ಗೊಂಬೆ ಮನೆ, ಒಂದಷ್ಟು ಮನುಷ್ಯರು, ಹುಲಿ, ದನ, ಬಸ್ಸು. ವಾರಕ್ಕೊಮ್ಮೆ ಮುಕ್ಕಾಲು ಗಂಟೆ. ಇದಕ್ಕೆ ದುಡ್ಡು ಕೊಡಬೇಕಾ ಎಂದು ನನಗೆ ಅನ್ನಿಸಿದ್ದು ನಿಜ.

ಆಕೆ ಮೊದಲು ಪುಟ್ಟನನ್ನಲ್ಲ, ನಮ್ಮನ್ನು ಕೂರಿಸಿದರು. "ಅವನಿಗೆ ಹೇಳಿದೀರಾ?" ಎಂದರು. ಇಲ್ಲ ಎಂದೆವು. "ಮೊದಲು ಹೇಳಿ. ಮಲಗಿದಾರೆ, ದೇವರ ಹತ್ರ ಹೋದ್ರು ಅನ್ನಬೇಡಿ. ಸತ್ತುಹೋದ್ರು ಅಂತಲೇ ಹೇಳಿ. ಆಮೇಲೆ ಅವನು ಏನು ಆಡ್ತಾನೋ ಆಡಲಿ, ಅದನ್ನ ನೀವು ತಿದ್ದಬೇಡಿ."

ಆ ರಾತ್ರಿ ತಂಗಿ ಹೇಳಿದಳು. ಅವನು ಅಳಲಿಲ್ಲ. "ಹಾಗಾದ್ರೆ ಚಪ್ಪಲಿ ಯಾಕೆ ಬಂತು?" ಎಂದು ಕೇಳಿದ. ಕಪಾಟಿನಲ್ಲಿ ಬಟ್ಟೆಗಳ ಹಿಂದೆ ನಾವು ಬಚ್ಚಿಟ್ಟಿದ್ದ ಕವರನ್ನು ಅವನು ಯಾವಾಗಲೋ ನೋಡಿಯಾಗಿತ್ತು. ಚಪ್ಪಲಿ ಬಿಟ್ಟು ಕೆಲಸಕ್ಕೆ ಹೋದ ಅಪ್ಪನನ್ನು ಅವನು ಅಷ್ಟು ದಿನ ಒಬ್ಬನೇ ಹೇಗೆ ಅರ್ಥ ಮಾಡಿಕೊಂಡಿದ್ದನೋ.

ಆಟದ ಹೊರಗೆ ಮಗುವಿಗೆ ನಿಜ ಸಲ್ಲಬೇಕು, ಅದು ನಮ್ಮ ಮೇಲಿನ ಋಣ. ಆಟದ ಒಳಗೆ ಕತೆ ಮಗುವಿನದು. ನಾವು ಎರಡನ್ನೂ ತಿರುಗುಮುರುಗು ಮಾಡಿದ್ದೆವು. ಹೊರಗೆ ಕಟ್ಟುಕತೆ ಹೇಳಿ, ಒಳಗೆ ಅವನು ಆಡುತ್ತಿದ್ದ ನಿಜಕ್ಕೆ ತಿದ್ದುಪಡಿ ತರಲು ಹೋಗಿದ್ದೆವು. ಇದನ್ನು ಪ್ರೀತಿ ಎಂದುಕೊಂಡಿದ್ದೆ. ಕರಡಿಗೆ ವಾಸಿಯಾದರೆ ಯಾರಿಗೆ ಸಮಾಧಾನ ಎಂದು ಕೇಳಿಕೊಂಡಿದ್ದರೆ ಉತ್ತರ ಅಲ್ಲೇ ಇತ್ತು. ಆ ಖಾಲಿ ಲಾರಿಯನ್ನು ನೋಡಲಾಗದೆ ಇದ್ದವನು ನಾನು.

ಆಮೇಲೆ ಈ ವಿಷಯದ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಫ್ರಾಯ್ಡ್ 1920ರ ಪುಸ್ತಕದಲ್ಲಿ ಒಂದೂವರೆ ವರ್ಷದ ಮಗುವೊಂದರ ಆಟವನ್ನು ವಿವರಿಸುತ್ತಾನೆ. ದಾರ ಕಟ್ಟಿದ ಮರದ ಉರುಳೆಯನ್ನು ಮಂಚದಾಚೆ ಎಸೆದು ಕಾಣದಂತೆ ಮಾಡುವುದು, ಮತ್ತೆ ಎಳೆದುಕೊಳ್ಳುವುದು. ಅಮ್ಮ ಹೊರಗೆ ಹೋಗುವುದು ಮಗುವಿನ ಕೈಯಲ್ಲಿಲ್ಲ, ಉರುಳೆ ಹೋಗುವುದಾದರೂ ಕೈಯಲ್ಲಿದೆ. ಆ ಮಗು ಫ್ರಾಯ್ಡನ ಮೊಮ್ಮಗ. ಅದೇ 1920ರ ಜನವರಿಯಲ್ಲಿ ಮಗುವಿನ ತಾಯಿ, ಎಂದರೆ ಫ್ರಾಯ್ಡನ ಮಗಳು ಸೋಫಿ, ಇನ್‌ಫ್ಲುಯೆಂಜಾದಿಂದ ತೀರಿಕೊಂಡಳು. ಅದೂ ಒಂದು ಮಹಾಮಾರಿಯ ಕಾಲ. ತಾಯಿ ನಿಜವಾಗಿ ಹೋದಾಗ ಹುಡುಗ ದುಃಖ ತೋರಲಿಲ್ಲ ಎಂದು ತಾತ ಅಡಿಟಿಪ್ಪಣಿಯಲ್ಲಿ ಬರೆಯುತ್ತಾನೆ. ಆ ಅಡಿಟಿಪ್ಪಣಿ ಓದಿದಾಗ ನನಗೆ ಹುಡುಗನಿಗಿಂತ ತಾತನ ಬಗ್ಗೆಯೇ ಕನಿಕರ ಹುಟ್ಟಿತು. ತೋರದ ದುಃಖ ಇಲ್ಲದ ದುಃಖವಲ್ಲ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ.

ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ 1947ರಲ್ಲೇ ಬರೆದಿದ್ದಳು: ಮಗು ಮುಂದೆ, ಚಿಕಿತ್ಸಕ ಹಿಂದೆ, ಅವಸರ ಕೂಡದು. ಆದರೆ ಸುಮ್ಮನೆ ಬಿಟ್ಟುಬಿಡುವುದೂ ಉತ್ತರವಲ್ಲ. 1976ರಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲ್ಲಾದಲ್ಲಿ 26 ಮಕ್ಕಳನ್ನು ಶಾಲಾ ಬಸ್ಸಿನ ಸಮೇತ ಅಪಹರಿಸಿ, ಆಮೇಲೆ ಒಂದು ವ್ಯಾನಿನೊಳಗೆ ನೆಲದಡಿ ಹೂತಿಟ್ಟಿದ್ದರು. ಎಲ್ಲರೂ ಬದುಕಿ ಹೊರಬಂದರು. ಆ ಮಕ್ಕಳನ್ನು ಅಭ್ಯಾಸ ಮಾಡಿದ ಮನೋವೈದ್ಯೆ ಲೆನೋರ್ ಟೆರ್ ಕಂಡದ್ದು, ಕೆಲವು ಆಟಗಳು ಒಂದಿಷ್ಟೂ ಬದಲಾಗದೆ ಗಾಣದೆತ್ತಿನಂತೆ ಸುತ್ತುತ್ತವೆ, ಆಡಿದಷ್ಟೂ ಭಯ ಇಳಿಯುವುದಿಲ್ಲ. ಪುಟ್ಟನ ಲಾರಿಯೂ ಹಾಗೇ ಅಲ್ಲವೇ ಎಂದು ಹೆದರಿ ಕೇಳಿದೆ. ತಿದ್ದಬಾರದು, ಬಿಡಲೂಬಾರದು ಎಂದರೆ ಮಾಡುವುದೇನು?

ಆಕೆ ಮಾಡಿದ್ದು ಇಷ್ಟೇ. ಮೂರನೇ ವಾರ, ಮರಳಿನ ಮೇಲೆ ಲಾರಿ ಹೋಗುತ್ತಿದ್ದಾಗ, "ಡ್ರೈವರ್‌ಗೆ ಒಬ್ಬನೇ ಅಷ್ಟು ದೂರ ಹೋಗೋಕೆ ಹೇಗನ್ಸುತ್ತೆ?" ಎಂದು ಕೇಳಿದರಂತೆ. ಪುಟ್ಟ ಉತ್ತರ ಕೊಡಲಿಲ್ಲ. ಅದರ ಮುಂದಿನ ವಾರ ಡ್ರೈವರ್ ಪಕ್ಕದಲ್ಲಿ ಇನ್ನೊಬ್ಬ ಮನುಷ್ಯ ಕೂತಿದ್ದ. ಕರಡಿ ಆಗಲೂ ಸತ್ತೇ ಇತ್ತು. ಇದನ್ನು ನಮಗೆ ಹೇಳುವ ಮುನ್ನ ಆಕೆ ಪುಟ್ಟನನ್ನು ಕೇಳಿದ್ದರು. ಉಳಿದದ್ದನ್ನು ಹೇಳಲಿಲ್ಲ, ನಾವೂ ಕೇಳಲಿಲ್ಲ. ಒಮ್ಮೆ ಅವನು ಮರಳು ಎರಚಲು ಬಂದಾಗ ಕೈ ಹಿಡಿದು, "ನನ್ನ ಮೇಲೆ ಬೇಡ, ಆ ದಿಂಬಿನ ಮೇಲೆ ಹಾಕಬಹುದು" ಎಂದರಂತೆ. ಸಿಟ್ಟು ತಪ್ಪು ಎನ್ನಲಿಲ್ಲ, ಅದಕ್ಕೊಂದು ಜಾಗ ತೋರಿಸಿದರು. ಮೂವತ್ತು ವರ್ಷ ಮೇಷ್ಟ್ರಾಗಿ ನಾನು ಇಷ್ಟನ್ನು ಕಲಿತಿರಲಿಲ್ಲ.

ಅಮ್ಮನಿಗೆ ಮಾತ್ರ ಇದೆಲ್ಲ ಹಿಡಿಸಲಿಲ್ಲ. ಅಶುಭವನ್ನು ಮತ್ತೆ ಮತ್ತೆ ಆಡಿದರೆ ಅದು ಮನೆಯಲ್ಲೇ ನಿಲ್ಲುತ್ತದೆ ಎಂಬುದು ಅವರ ವಾದ. ನಾನು ಎದುರಾಡಲಿಲ್ಲ. ವರ್ಷಾಂತಿಕದ ದಿನ ಅವರು ಅಳಿಯನಿಗೆ ಇಷ್ಟವೆಂದು ಕಡುಬು ಮಾಡಿ, ಎಲೆಯಲ್ಲಿಟ್ಟು, ಹಿತ್ತಿಲಲ್ಲಿ ಕಾಗೆಗೆ ಕಾದರು. ಬರಲಿಲ್ಲ. "ಏನೋ ಮನಸ್ಸಿನಲ್ಲಿದೆ ಅವನಿಗೆ" ಎಂದು ಗೊಣಗಿ, ತಂಗಿಯನ್ನು ಕರೆದು, ಮಗುವನ್ನು ಚೆನ್ನಾಗಿ ಓದಿಸುತ್ತೇನೆ ಎಂದು ಹೇಳು ಎಂದರು. ತಂಗಿ ಹೇಳಿದಳು. ಕಾಗೆ ಬಂತು. ಅದು ಬರೀ ಕಾಗೆ ಎಂದು ಆ ಹೊತ್ತಿನಲ್ಲಿ ಯಾರೂ ಅಮ್ಮನನ್ನು ತಿದ್ದಲಿಲ್ಲ. ಪುಟ್ಟ ನನ್ನ ಪಕ್ಕ ನಿಂತು ಎಲ್ಲವನ್ನೂ ಕಣ್ಣು ಮಿಟುಕಿಸದೆ ನೋಡುತ್ತಿದ್ದ.

ಇದನ್ನು ಬರೆಯುವ ಹಕ್ಕು ನನಗಿದೆಯೇ ಎಂಬುದು ಇನ್ನೊಂದು ಪ್ರಶ್ನೆ. ಆಟವೆಂದರೆ ಮಗುವಿನ ದಿನಚರಿ ಪುಸ್ತಕ, ತೆರೆದಿಟ್ಟಿದೆಯೆಂದು ಓದಿಬಿಡುವಂತಿಲ್ಲ. ಈಗ ಅವನಿಗೆ ಹತ್ತು ವರ್ಷ. ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಬರಿ ಮಾಮ. ಕರಡಿ ಹೆಸರು ಮಾತ್ರ ಬರೀಬೇಡ" ಎಂದ. ಬರೆದಿಲ್ಲ.

ವರ್ಷಾಂತಿಕ ಕಳೆದು ಕೆಲವು ದಿನಗಳಾಗಿದ್ದವು. ಒಂದು ಭಾನುವಾರ ಮಧ್ಯಾಹ್ನ ಅವನು ನನ್ನ ಹತ್ತಿರ ಬಂದು, "ಮಾಮ, ನೀನು ಸತ್ತೋಗು" ಎಂದ. ಜಗುಲಿಯ ಮೇಲೆ ಮಲಗಿದೆ. ತಲೆಯವರೆಗೂ ಬೆಡ್‌ಶೀಟು ಹೊದಿಸಿದ. ಒಳಗಿಂದ ಅಮ್ಮ ಬಂದ ಸಪ್ಪಳ ಕೇಳಿಸಿತು. ಈಗ ಬೈಗುಳ ಬಿತ್ತು ಎಂದುಕೊಂಡೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಅವರು ಕೂತದ್ದು ಗೊತ್ತಾಯಿತು, ಮಂಡಿ ನೋವಿನವರು ನೆಲಕ್ಕೆ ಕೂರುವ ಸದ್ದು.

"ನಾನೇನು ಮಾಡ್ಲೋ?" ಎಂದರು.

"ನೀನು ಅಳು ಅಜ್ಜಿ."

ಅವರು ಅತ್ತರು. ಬೆಡ್‌ಶೀಟಿನೊಳಗೆ ಮಲಗಿ ಕೇಳುತ್ತಿದ್ದ ನನಗೆ ಅದು ಆಟದ ಅಳುವಿನಂತೆ ಕೇಳಿಸಲಿಲ್ಲ. ಪುಟ್ಟ ಸ್ವಲ್ಪ ಹೊತ್ತು ಬಿಟ್ಟು, "ಸಾಕು ಅಜ್ಜಿ, ಈಗ ಮಂಡಕ್ಕಿ ಕೊಡು" ಎಂದ. ಇಬ್ಬರೂ ಒಳಗೆ ಹೋದರು. ಏಳಬಹುದು ಎಂದು ಅವನು ನನಗೆ ಹೇಳಿರಲಿಲ್ಲ, ಹಾಗೇ ಮಲಗಿದ್ದೆ.